ನಿದ್ದೆಯ ಹೊಸ್ತಿಲಲ್ಲಿ ಎಚ್ಚರ

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ನಿಜವಾಗುವ ಮಾತು ಹಾಗಿರಲಿ. ಇದು ಕನಸು ಎಂದು ತಿಳಿದುಕೊಂಡೇ ಕನಸು ಕಾಣುವುದು ಸಾಧ್ಯವೇ? ಎಚ್ಚರ ತಪ್ಪದಂತೆ ನಿದ್ದೆಗೆ ಜಾರಿ ಕನಸಿನೊಳಗೆ ಕಾಲಿಡಬಹುದೇ? ಸಾಧ್ಯ ಎನ್ನುವ ಹಳೆಯ ಪರಂಪರೆಯೊಂದರ ವಾರಸುದಾರರು ಕರ್ನಾಟಕದಲ್ಲೇ ನೆಲೆಸಿದ್ದಾರೆ.

ನಿದ್ದೆ ಮತ್ತು ಎಚ್ಚರದ ನಡುವಿನ ಗಡಿಯ ಬಗ್ಗೆ ಈ ದೇಶದ ಕುತೂಹಲ ಬಹಳ ಹಳೆಯದು. ಎರಡು ದಡಗಳ ನಡುವೆ ಈಜುವ ದೊಡ್ಡ ಮೀನಿನ ಹಾಗೆ ಆತ್ಮ ಎಚ್ಚರ ಮತ್ತು ಕನಸುಗಳ ನಡುವೆ ಓಡಾಡುತ್ತದೆ ಎನ್ನುತ್ತದೆ ಬೃಹದಾರಣ್ಯಕ ಉಪನಿಷತ್ತು. ಹನ್ನೆರಡೇ ಮಂತ್ರಗಳ ಮಾಂಡೂಕ್ಯದಲ್ಲಿ ಜಾಗೃತ್, ಸ್ವಪ್ನ, ಸುಷುಪ್ತಿ, ತುರೀಯಗಳ ವಿವೇಚನೆಯಿದೆ. ಕನಸು ಮತ್ತು ನಿದ್ದೆಯ ಅರಿವನ್ನು ಮನಸ್ಸು ನಿಲ್ಲಲು ಆಸರೆ ಮಾಡಿಕೊಳ್ಳಬಹುದೆಂದು ಪತಂಜಲಿ ಒಂದೇ ಸೂತ್ರದಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಹೇಗೆ ಎಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ.

ಅದನ್ನು ಹಂತಹಂತವಾಗಿ ಹೇಳಿಕೊಟ್ಟವರು ಬೌದ್ಧ ಸಿದ್ಧರು. 11ನೇ ಶತಮಾನದ ನಾರೋಪನ ಹೆಸರಿನಲ್ಲಿರುವ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಆತನ ಶಿಷ್ಯ ಮಾರ್ಪ ಈ ವಿದ್ಯೆಯನ್ನು ಟಿಬೆಟ್ಟಿಗೆ ಒಯ್ದ. ಗೆಲುಗ್ ಪಂಥದ ಮೂಲಪುರುಷ ತ್ಸೋಂಗ್‌ಖಾಪಾ (1357–1419) ಈ ಆರು ಯೋಗಗಳ ಮೇಲೆ ವಿವರವಾದ ಗ್ರಂಥ ಬರೆದ. ಆತನ ಶಿಷ್ಯನೊಬ್ಬ 1419ರಲ್ಲಿ ಲಾಸಾ ಬಳಿ ಕಟ್ಟಿದ ಸೆರಾ ಮಠವೇ ಇಂದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆದಿದೆ. 1959ರಲ್ಲಿ ದಲೈ ಲಾಮಾ ಟಿಬೆಟ್ ತೊರೆದ ಬಳಿಕ ನಿರಾಶ್ರಿತರಿಗೆ ಅಲ್ಲಿ ಭೂಮಿ ದೊರೆಯಿತು. ಬೌದ್ಧ ಧರ್ಮಕ್ಕೆ ಕನ್ನಡ ನೆಲವೇನೂ ಹೊಸದಲ್ಲ. ಕೊಂಡ್ಲಹಳ್ಳಿಯಿರುವ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೇ ಇದೆ.

ಸಾಧನೆ ಹಗಲಿನಲ್ಲೇ ಆರಂಭವಾಗುತ್ತದೆ. ಕಂಡದ್ದನ್ನೆಲ್ಲ ‘ಇದೂ ಕನಸೇ’ ಎಂದು ಮತ್ತೆ ಮತ್ತೆ ನೆನೆಯಬೇಕು. ರಾತ್ರಿ ಬಲಮಗ್ಗುಲಾಗಿ ಮಲಗಿ, ಗಂಟಲಿನಲ್ಲಿ ಬೀಜಾಕ್ಷರವನ್ನೋ ಕೆಂಪು ಕಮಲವನ್ನೋ ಭಾವಿಸುತ್ತ, ಆ ಬಿಂಬ ಕೈತಪ್ಪದಂತೆ ನಿದ್ದೆಗೆ ಇಳಿಯಬೇಕು. ಬಿಗಿ ಹಿಡಿದರೆ ನಿದ್ದೆಯೇ ಬಾರದು, ಸಡಿಲ ಬಿಟ್ಟರೆ ಎಚ್ಚರ ಉಳಿಯದು. ಕನಸೆಂದು ಗುರುತು ಹತ್ತಿದ ಮೇಲೆ ಬೆಂಕಿಯಲ್ಲಿ ನಡೆಯಬೇಕು, ಒಂದನ್ನು ಹಲವಾಗಿಸಬೇಕು, ಹೆದರಿಸುವುದರ ಎದುರು ಹೆದರದೆ ನಿಲ್ಲಬೇಕು. ಇದು ಮೋಜಿಗಲ್ಲ. ಸಾವಿನ ನಂತರ ಮರುಹುಟ್ಟಿನವರೆಗಿನ ‘ಬಾರ್ದೋ’ ಸ್ಥಿತಿಯಲ್ಲಿ ಕಾಣುವ ಭೀಕರ ದೃಶ್ಯಗಳನ್ನೂ ಹೀಗೆಯೇ ಗುರುತಿಸಬೇಕು ಎಂಬುದು ಅವರ ನಂಬಿಕೆ. ಪ್ರತಿ ರಾತ್ರಿಯ ನಿದ್ದೆ ಸಾವಿನ ತಾಲೀಮು. ಆದ್ದರಿಂದಲೇ ಗುರುವಿನ ದೀಕ್ಷೆಯಿಲ್ಲದೆ ಇದನ್ನು ಕಲಿಸುವ ವಾಡಿಕೆಯಿಲ್ಲ.

ಪಶ್ಚಿಮದಲ್ಲಿ ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಇಂತಹ ತನ್ನ 352 ಕನಸುಗಳ ಬಗ್ಗೆ ಬರೆದು, ಅವಕ್ಕೆ ‘ಲೂಸಿಡ್ ಡ್ರೀಮ್’ ಎಂದು ಕರೆದ. ವಿಜ್ಞಾನಿಗಳು ನಂಬಲಿಲ್ಲ. ಮಲಗಿದವನ ಮಾತಿಗೆ ಸಾಕ್ಷಿ ಎಲ್ಲಿ? ಸಾಕ್ಷಿ ಸಿಕ್ಕಿದ್ದು ಕಣ್ಣಿನಿಂದ. ಎದ್ದು ಕಾಣುವ ಕನಸುಗಳು ಹೆಚ್ಚಾಗಿ ಬೀಳುವ ‘ರೆಮ್’ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಾಗಿ ನಿಶ್ಚಲವಾದರೂ ಕಣ್ಣುಗುಡ್ಡೆಗಳು ಆಡುತ್ತಲೇ ಇರುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಕೀತ್ ಹರ್ನ್ ಎಂಬಾತನ ಪ್ರಯೋಗದಲ್ಲಿ ನಿದ್ರಿಸುತ್ತಿದ್ದವನೊಬ್ಬ ಮೊದಲೇ ಮಾತಾದಂತೆ ಕಣ್ಣುಗಳನ್ನು ಎಡಬಲ ಹೊರಳಿಸಿ ಸಂಜ್ಞೆ ಕಳಿಸಿದ. ಅಮೆರಿಕದಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿದ. 2021ರಲ್ಲಿ ಪ್ರಕಟವಾದ, ನಾಲ್ಕು ದೇಶಗಳ ಪ್ರಯೋಗಗಳಲ್ಲಿ ಕನಸಿನೊಳಗಿದ್ದವನಿಗೆ ‘ಎಂಟರಲ್ಲಿ ಆರು ಕಳೆದರೆ?’ ಎಂದು ಕೇಳಿದಾಗ ಕಣ್ಣಿನಿಂದಲೇ ‘ಎರಡು’ ಎಂಬ ಉತ್ತರ ಬಂತು. ಆದರೆ ಒಟ್ಟು 158 ಯತ್ನಗಳಲ್ಲಿ ಸರಿಯುತ್ತರ ದೊರೆತದ್ದು ಐದರಲ್ಲಿ ಒಂದಕ್ಕೂ ಕಡಿಮೆ.

ರೆಮ್ ನಿದ್ದೆ ಸಾಮಾನ್ಯವಾಗಿ ಮಲಗಿದ ಒಂದೂವರೆ ಗಂಟೆಯ ನಂತರ ಬಂದು, ಬೆಳಗಿನ ಜಾವದ ಹೊತ್ತಿಗೆ ದೀರ್ಘವಾಗುತ್ತದೆ. ಹೀಗಾಗಿ ರಾತ್ರಿ ದಿಂಬಿಗೆ ತಲೆಯಿಟ್ಟ ಕೂಡಲೇ ಎಚ್ಚರದಿಂದ ನೇರ ಕನಸಿಗೆ ದಾಟುವುದು ಅಪರೂಪ. ನಸುಕಿನಲ್ಲಿ ಎದ್ದು ಮತ್ತೆ ಮಲಗಿದವರಿಗೆ ಸುಲಭ. ಹಳ್ಳಿಯವರ ಜಾವದ ಕನಸಿನ ಮಹಿಮೆಗೂ ಇಷ್ಟರ ಮಟ್ಟಿಗೆ ಆಧಾರವುಂಟು. ದಾಟುವಾಗ ಕೆಲವರಿಗೆ ಮೈ ಅಲುಗದೆ, ಎದೆಯ ಮೇಲೆ ಯಾರೋ ಕುಳಿತಂತಾಗುವುದೂ ಉಂಟು. ಅದು ದೆವ್ವವಲ್ಲ, ಮನಸ್ಸು ಎದ್ದರೂ ದೇಹ ಇನ್ನೂ ಏಳದ ಸ್ಥಿತಿ. ಇದಕ್ಕಾಗಿ ದಿನವೂ ನಿದ್ದೆ ಕೆಡಿಸಿಕೊಂಡರೆ ಮಾತ್ರ ಆರೋಗ್ಯವೇ ಕೆಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಪಶ್ಯನ ಧ್ಯಾನಿಗಳ ನಿದ್ದೆಯನ್ನು ರಾತ್ರಿಯಿಡೀ ಅಳೆದು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಧ್ಯಾನಿಗಳಲ್ಲಿ ಗಾಢ ನಿದ್ದೆ ಮತ್ತು ರೆಮ್ ನಿದ್ದೆ ಎರಡೂ ಇತರರಿಗಿಂತ ಹೆಚ್ಚಿದ್ದವು. ಆ ನಿದ್ದೆಯೊಳಗೆ ಅವರು ಎಷ್ಟು ಎಚ್ಚರವಾಗಿದ್ದರು ಎಂಬುದು ಆ ಅಧ್ಯಯನದ ಪ್ರಶ್ನೆಯಾಗಿರಲಿಲ್ಲ.