ತಂತ್ರಾಂಶ ಬಿಡಿಭಾಗಗಳ ಹುಡುಕಾಟ: ಇತಿಹಾಸ

ಒಬ್ಬರು ಬರೆದು ಪರೀಕ್ಷಿಸಿದ ಪ್ರೋಗ್ರಾಂ ತುಣುಕನ್ನು ಮತ್ತೊಬ್ಬರು ಬೇರೆ ಕೆಲಸಕ್ಕೆ ಎತ್ತಿಕೊಂಡು ಬಳಸುವಂತಿದ್ದರೆ ಅದು ಮರುಬಳಕೆಯ ತಂತ್ರಾಂಶ ಬಿಡಿಭಾಗ. ಇಂಥವನ್ನು ಕೂಡಿಟ್ಟ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಸಂಗ್ರಹ ಬೆಳೆದಂತೆ ಮೂರು ಪ್ರಶ್ನೆಗಳು ಏಳುತ್ತವೆ: ಬೇಕಾದ ತುಣುಕು ಇದರಲ್ಲಿ ಇದೆಯೇ, ಇದ್ದರೆ ಯಾವ ಹೆಸರಿನಲ್ಲಿದೆ, ಕೈಯಲ್ಲಿರುವ ಕೆಲಸಕ್ಕೆ ಹೊಂದುತ್ತದೆಯೇ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಧಾನಗಳಿಗೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಅದರ ಒಂದು ಗಟ್ಟಿ ಎಳೆ ಕಂಪ್ಯೂಟರ್ ಕೋಣೆಯಿಂದ ಬಂದದ್ದಲ್ಲ, ಪುಸ್ತಕ ಭಂಡಾರದಿಂದ ಬಂದದ್ದು. ಆ ಎಳೆಯನ್ನು ಹೊಸೆದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

ಕಾಗದದ ಪಟ್ಟಿಯ ಕಾಲ

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಯಂತ್ರ 1949ರ ಮೇ ತಿಂಗಳಲ್ಲಿ ಕೆಲಸ ಶುರು ಮಾಡಿತು. ಅದರ ಬಳಕೆದಾರರು ವರ್ಗಮೂಲ, ಭಾಗಾಕಾರ, ಮುದ್ರಣ ಮುಂತಾದ ಪದೇಪದೇ ಬೇಕಾಗುವ ಉಪಪ್ರೋಗ್ರಾಂಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಪಡಿಸಿ ಒಂದು ಉಕ್ಕಿನ ಕಪಾಟಿನಲ್ಲಿ ಇಟ್ಟರು. ಬೇಕಾದವರು ಪಟ್ಟಿಯನ್ನು ತೆಗೆದು ತಮ್ಮ ಪ್ರೋಗ್ರಾಂ ಪಟ್ಟಿಗೆ ನಕಲು ಮಾಡಿಕೊಂಡು ಮತ್ತೆ ಕಪಾಟಿಗೆ ಸೇರಿಸಬೇಕಿತ್ತು. ಎಡ್ಸ್ಯಾಕ್ ತಂಡದ ವಿಲ್ಕ್ಸ್, ವೀಲರ್ ಮತ್ತು ಗಿಲ್ 1951ರಲ್ಲಿ ಪ್ರೋಗ್ರಾಂ ಬರೆಯುವ ಬಗೆಗಿನ ತಮ್ಮ ಪುಸ್ತಕ ಪ್ರಕಟಿಸುವ ಹೊತ್ತಿಗೆ ಅಲ್ಲಿ 87 ಉಪಪ್ರೋಗ್ರಾಂಗಳಿದ್ದವು. ಪ್ರತಿ ವಿಷಯಕ್ಕೂ ಒಂದು ರೋಮನ್ ಅಕ್ಷರ: ಭಾಗಾಕಾರಕ್ಕೆ ಡಿ, ತ್ರಿಕೋನಮಿತಿಗೆ ಟಿ, ಮುದ್ರಣಕ್ಕೆ ಪಿ. ಎಲ್ಲಿಯೂ ಸೇರದವುಗಳಿಗೆ ಎಂ. ವರ್ಗೀಕರಣ ಹುಟ್ಟಿದ ದಿನವೇ ‘ಇತರೆ’ ಎಂಬ ಮೂಟೆಯೂ ಹುಟ್ಟಿತು.

ಎಂಬತ್ತೇಳು ತುಣುಕುಗಳನ್ನು ಒಬ್ಬ ಮನುಷ್ಯ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲ. ಅಮೆರಿಕದಲ್ಲಿ ಐಬಿಎಂ 704 ಯಂತ್ರ ಕೊಂಡ ಸಂಸ್ಥೆಗಳು 1955ರಲ್ಲಿ ‘ಶೇರ್’ ಎಂಬ ಬಳಕೆದಾರರ ಸಂಘ ಕಟ್ಟಿದ್ದರ ಹಿಂದೆ ಇದ್ದದ್ದು ಇನ್ನೊಂದು ಹಂತದ ಕಷ್ಟ. ಒಂದೇ ಕೆಲಸದ ಪ್ರೋಗ್ರಾಂಗಳನ್ನು ಪ್ರತಿ ಸಂಸ್ಥೆಯೂ ತನ್ನ ಖರ್ಚಿನಲ್ಲಿ ಹೊಸದಾಗಿ ಬರೆಯುತ್ತಿತ್ತು. ಸಂಘದ ಲೈಬ್ರರಿಯಿಂದ ಆ ಖರ್ಚು ಕಡಿಮೆಯಾಯಿತು. ಆದರೆ ಬರೆದವನ ಪರಿಚಯವೇ ಇಲ್ಲದ ಕೋಡನ್ನು ವರ್ಗಸಂಖ್ಯೆ ಹಿಡಿದು ಹುಡುಕುವ ಪರಿಪಾಠವೂ ಆಗಲೇ ಬಂತು.

ಬಿಡಿಭಾಗಗಳ ಸಮಸ್ಯೆಯನ್ನು ಒಂದು ಉದ್ಯಮದ ಸಮಸ್ಯೆಯಾಗಿ ಮೊದಲು ಮಂಡಿಸಿದವರು ಬೆಲ್ ಪ್ರಯೋಗಾಲಯದ ಡಗ್ಲಸ್ ಮ್ಯಾಕಿಲ್ರಾಯ್. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನೇಟೋ ಕರೆದಿದ್ದ ತಂತ್ರಾಂಶ ಎಂಜಿನಿಯರಿಂಗ್ ಸಮ್ಮೇಳನದಲ್ಲಿ ಅವರು ತಂತ್ರಾಂಶಕ್ಕೂ ಬಿಡಿಭಾಗದ ಕಾರ್ಖಾನೆ ಮತ್ತು ಕ್ಯಾಟಲಾಗು ಬೇಕೆಂದು ವಾದಿಸಿದರು. ತ್ರಿಕೋನಮಿತಿಯ ‘ಸೈನ್’ ಲೆಕ್ಕಕ್ಕೆ ಒಂದೇ ಪ್ರೋಗ್ರಾಂ ಸಾಲದು. ನಿಖರತೆ, ವೇಗ, ಹಿಡಿಯುವ ಜಾಗ, ತಪ್ಪು ಸಂಖ್ಯೆ ಕೊಟ್ಟಾಗಿನ ನಡವಳಿಕೆ ಇವುಗಳಲ್ಲಿ ಬೇರೆಬೇರೆಯಾದ ಇಡೀ ಒಂದು ಕುಟುಂಬ ಕ್ಯಾಟಲಾಗಿನಲ್ಲಿ ಇರಬೇಕು, ಕೊಳ್ಳುವವನು ಅದರಿಂದ ಆರಿಸಿಕೊಳ್ಳಬೇಕು ಎಂಬುದು ಅವರ ಕಲ್ಪನೆ. ಒಂದೇ ತುಣುಕಿಗೆ ಹಲವು ಗುಣಗಳಿದ್ದು, ಹುಡುಕುವವನು ಯಾವ ಗುಣದಿಂದಲಾದರೂ ಒಳಗೆ ಬರಬಹುದಾದರೆ ಒಂದೇ ಅಕ್ಷರದ ವರ್ಗೀಕರಣ ಸಾಲುವುದಿಲ್ಲ.

ಬೆಂಗಳೂರಿನ ಎಳೆ

ಇದೇ ತೊಡಕನ್ನು ರಂಗನಾಥನ್ ನಾಲ್ಕು ದಶಕ ಮೊದಲು ಪುಸ್ತಕಗಳ ವಿಚಾರದಲ್ಲಿ ಎದುರಿಸಿದ್ದರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲಿನ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆಯ ಪ್ರಾತ್ಯಕ್ಷಿಕೆ ನೋಡಿದರು. ಅದೇ ಪಟ್ಟಿ, ಅದೇ ತಿರುಪು, ಅದೇ ಚಕ್ರಗಳಿಂದ ಒಮ್ಮೆ ಒಂದು ಬೊಂಬೆ, ಇನ್ನೊಮ್ಮೆ ಮತ್ತೊಂದು. ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಜೋಡಿಸಬಹುದು ಎಂದು ತಮಗೆ ಹೊಳೆದದ್ದು ಅಲ್ಲಿಯೇ ಎಂದು ಅವರು ಹೇಳಿಕೊಂಡಿದ್ದಾರೆ. ಪುಸ್ತಕಗಳ ವರ್ಗೀಕರಣಕ್ಕೆ ಬಿಡಿಭಾಗದ ಆಟಿಕೆ ದಾರಿ ತೋರಿತು. ಅರವತ್ತು ವರ್ಷಗಳ ಮೇಲೆ ಆ ವರ್ಗೀಕರಣ ತಂತ್ರಾಂಶದ ಬಿಡಿಭಾಗಗಳಿಗೆ ದಾರಿ ತೋರಿತು. ಇತಿಹಾಸ ಇಷ್ಟು ನೇರವಾಗಿ ಸುತ್ತು ಹಾಕುವುದು ಅಪರೂಪ.

1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ, ಅಂದರೆ ದ್ವಿಬಿಂದು ಪದ್ಧತಿ, ವಿಷಯವನ್ನು ಮರದ ಕೊಂಬೆಯಂತೆ ಒಂದೇ ದಾರಿಯಲ್ಲಿ ಕವಲೊಡೆಸುವುದಿಲ್ಲ. ಅದನ್ನು ಹಲವು ಮುಖಗಳಾಗಿ ಬಿಡಿಸಿ, ಪ್ರತಿ ಮುಖಕ್ಕೂ ಸಂಕೇತ ಕೊಟ್ಟು, ಚಿಹ್ನೆಗಳಿಂದ ಮತ್ತೆ ಜೋಡಿಸುತ್ತದೆ. ಮೂಡಲಗಿ ಸೀಮೆಯ ಕಬ್ಬಿಗೆ ತಗಲುವ ಕೆಂಪು ಕೊಳೆ ರೋಗದ ಹತೋಟಿಯ ಬಗ್ಗೆ ಒಂದು ಪುಸ್ತಕ ಬಂತು ಎನ್ನಿ. ಮರದಂಥ ವರ್ಗೀಕರಣದಲ್ಲಿ ಅದನ್ನು ಬೆಳೆಯ ಕೆಳಗೆ ಇಡಬೇಕೋ, ರೋಗದ ಕೆಳಗೋ, ಬೆಳಗಾವಿ ಜಿಲ್ಲೆಯ ಕೆಳಗೋ ಎಂದು ಮೊದಲೇ ತೀರ್ಮಾನಿಸಬೇಕು. ಒಂದನ್ನು ಆರಿಸಿದರೆ ಉಳಿದ ದಾರಿಗಳಿಂದ ಬರುವ ಓದುಗ ಬರಿಗೈಯಲ್ಲಿ ಹೋಗುತ್ತಾನೆ. ಮುಖಗಳ ಪದ್ಧತಿಯಲ್ಲಿ ಕಬ್ಬು, ರೋಗ, ಹತೋಟಿ, ಸ್ಥಳ, ಕಾಲ ಎಲ್ಲವೂ ತಮ್ಮತಮ್ಮ ಜಾಗದಲ್ಲಿ ಉಳಿಯುತ್ತವೆ. ಮುಂದೆ ರಂಗನಾಥನ್ ಈ ಮುಖಗಳನ್ನೆಲ್ಲ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಿಗೆ ತಂದರು.

1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಡಿಆರ್‌ಟಿಸಿ ಎಂದೇ ಹೆಸರಾದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಈಗ ಅದು ಮೈಸೂರು ರಸ್ತೆಯ ಆವರಣದಲ್ಲಿದೆ. ಪುಸ್ತಕಕ್ಕಿಂತ ಸೂಕ್ಷ್ಮವಾದ ಲೇಖನ, ವರದಿಗಳ ಮಟ್ಟದಲ್ಲಿ ವಿಷಯವನ್ನು ಹೇಗೆ ಬಿಡಿಸುವುದು ಎಂಬುದು ಅಲ್ಲಿಯ ಮುಖ್ಯ ಸಂಶೋಧನೆಯಾಗಿತ್ತು. ಗಣೇಶ ಭಟ್ಟಾಚಾರ್ಯ ಅಲ್ಲಿ ರೂಪಿಸಿದ ‘ಪಾಪ್ಸಿ’ ಎಂಬ ವಿಷಯಸೂಚಿ ವಿಧಾನ ಈ ಮನೆತನದ್ದೇ. ಲಂಡನ್ನಿನ ವರ್ಗೀಕರಣ ಸಂಶೋಧನಾ ಗುಂಪು ರಂಗನಾಥನ್ ವಿಚಾರಗಳನ್ನು ಎತ್ತಿಕೊಂಡು, 1957ರ ಡಾರ್ಕಿಂಗ್ ಸಮ್ಮೇಳನದ ಹೊತ್ತಿಗೆ ಅವುಗಳನ್ನು ಪಶ್ಚಿಮದ ಗ್ರಂಥಾಲಯ ಶಾಸ್ತ್ರದ ಮಧ್ಯಕ್ಕೆ ತಂದಿತ್ತು. ಕನ್ನಡಿಗರು ರಂಗನಾಥನ್ ಅವರನ್ನು ನೆನೆಯುವುದು ಹೆಚ್ಚಾಗಿ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಸಂಬಂಧದಲ್ಲಿ. ಕಂಪ್ಯೂಟರ್ ವಿಜ್ಞಾನ ಅವರಿಗೆ ಸಲ್ಲಿಸಬೇಕಾದ ಋಣವನ್ನು ನಮ್ಮ ಎಂಜಿನಿಯರಿಂಗ್ ಪಠ್ಯಗಳು ಹೇಳುವುದು ಕಡಿಮೆ. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಮುಖಗಳು ಕೋಡಿಗೆ ಬಂದದ್ದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ರೂಬೆನ್ ಪ್ರಿಯೆಟೊ-ಡಿಯಾಸ್ 1985ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧಕ್ಕೆ ಈ ಗ್ರಂಥಾಲಯ ಪರಂಪರೆಯನ್ನೇ ಆಧಾರ ಮಾಡಿಕೊಂಡರು. ಅವರೂ ಮಾರ್ಗದರ್ಶಕ ಪೀಟರ್ ಫ್ರೀಮನ್ ಅವರೂ ಸೇರಿ 1987ರಲ್ಲಿ ಬರೆದ ಲೇಖನ ಈ ಕ್ಷೇತ್ರದ ತಿರುವು. ಪ್ರತಿ ಬಿಡಿಭಾಗಕ್ಕೂ ಆರು ಮುಖಗಳು. ಮಾಡುವ ಕೆಲಸ, ಯಾವುದರ ಮೇಲೆ ಮಾಡುತ್ತದೆ, ಯಾವ ಮಾಧ್ಯಮದಲ್ಲಿ ಎಂಬ ಮೂರು ಮುಖಗಳು ತುಣುಕನ್ನೇ ವಿವರಿಸುತ್ತವೆ. ವ್ಯವಸ್ಥೆಯ ಬಗೆ, ಕಾರ್ಯಕ್ಷೇತ್ರ, ಬಳಕೆಯ ಸನ್ನಿವೇಶ ಎಂಬ ಇನ್ನು ಮೂರು ಅದರ ಪರಿಸರವನ್ನು ಹೇಳುತ್ತವೆ.

ಅವರು ಸೇರಿಸಿದ ಹೊಸ ಅಂಶ ಪದಗಳ ನಡುವಿನ ದೂರದ ಲೆಕ್ಕ. ಒಂದೊಂದು ಮುಖದ ಪದಗಳನ್ನೂ ಒಂದು ಜಾಲದಲ್ಲಿ ಹೆಣೆದು, ಯಾವುದು ಯಾವುದಕ್ಕೆ ಎಷ್ಟು ಹತ್ತಿರ ಎಂದು ಅಂಕಿಯಲ್ಲಿ ಬರೆದರು. ‘ಅಳಿಸು’ ಎಂದು ಹುಡುಕಿದಾಗ ಏನೂ ಸಿಗದಿದ್ದರೆ ವ್ಯವಸ್ಥೆ ಸುಮ್ಮನಾಗದೆ ‘ತೆಗೆ’, ‘ಬದಲಿಸು’ ಎಂಬ ನೆರೆಯ ಪದಗಳ ತುಣುಕುಗಳನ್ನು ಹತ್ತಿರದ ಕ್ರಮದಲ್ಲಿ ಮುಂದಿಡುತ್ತದೆ. ಮರುಬಳಕೆಯಲ್ಲಿ ಇದು ಬಹಳ ಮುಖ್ಯ. ಅಳತೆಗೆ ಸರಿಯಾದ ತುಣುಕು ಸಿಗುವುದು ಅಪರೂಪ, ಕೊಂಚ ತಿದ್ದಿದರೆ ಹೊಂದುವಂಥದ್ದು ಸಿಗುವುದೇ ಹೆಚ್ಚು. ಆದರೆ ಆ ಅಂಕಿಗಳನ್ನು ಯಂತ್ರ ಕಂಡುಕೊಳ್ಳುತ್ತಿರಲಿಲ್ಲ, ಕ್ಷೇತ್ರ ಬಲ್ಲವರು ಕೂತು ಕೈಯಿಂದ ತುಂಬಬೇಕಿತ್ತು. ಲೈಬ್ರರಿ ದೊಡ್ಡದಾದಂತೆ ಪದಪಟ್ಟಿಯ ಪಾಲನೆಯೇ ಒಂದು ಉದ್ಯೋಗ. ಈ ಪದ್ಧತಿ ದೊಡ್ಡ ಕಂಪನಿಗಳ ಗೋಡೆಯೊಳಗೆ ನಡೆದು, ಬಯಲಿಗೆ ಬಾರದೆ ಉಳಿದುದಕ್ಕೆ ಇದೇ ಕಾರಣ ಎನ್ನಬೇಕು.

ಅದೇ 1987ರಲ್ಲಿ ಫರ್ನಾಸ್ ಮತ್ತು ಸಂಗಡಿಗರು ಇನ್ನೊಂದು ಸತ್ಯ ಹೊರಗೆಡವಿದರು. ಒಂದೇ ವಸ್ತುವಿಗೆ ಇಬ್ಬರು ತಾವಾಗಿಯೇ ಒಂದೇ ಹೆಸರು ಕೊಡುವ ಸಂಭವ ಶೇ. 20ಕ್ಕಿಂತ ಕಡಿಮೆ. ಕೋಡಿನ ಲೈಬ್ರರಿಯಲ್ಲಿ ಈ ಕಂದರ ಇನ್ನೂ ಅಗಲ. ಮೂಡಲಗಿ ಎಂಬ ಹೆಸರು ಕನ್ನಡದಲ್ಲಿ ಒಂದೇ ತೆರ. ರೋಮನ್ ಲಿಪಿಯಲ್ಲಿ ಬರೆದ ದಾಖಲೆಗಳಲ್ಲಿ ನಡುವೆ ‘ಎ’ ಸೇರಿಸಿದ್ದೊಂದು, ಬಿಟ್ಟದ್ದೊಂದು, ಮೊದಲ ದೀರ್ಘಕ್ಕೆ ಎರಡು ‘ಓ’ ಹಾಕಿದ್ದೊಂದು. ಇವೆಲ್ಲ ಒಂದೇ ಊರೆಂದು ಗುರುತಿಸುವ ತುಣುಕು ಬೇಕೆಂದು ಹೊರಟವನು ‘ಊರ ಹೆಸರು ಹೊಂದಿಸು’ ಎಂದು ಹುಡುಕುತ್ತಾನೆ. ತುಣುಕು ಇದ್ದೇ ಇದೆ. ಆದರೆ ಅದು 1965ರಲ್ಲಿ ಪದಗಳ ನಡುವಿನ ವ್ಯತ್ಯಾಸದ ಅಳತೆಯನ್ನು ರೂಪಿಸಿದ ರಷ್ಯಾದ ಗಣಿತಜ್ಞ ಲೆವೆನ್‌ಶ್ಟೈನ್ ಹೆಸರಿನಲ್ಲೋ, 1918ರ ಪೇಟೆಂಟಿನ ‘ಸೌಂಡೆಕ್ಸ್’ ಎಂಬ ಹೆಸರಿನಲ್ಲೋ ಕೂತಿರುತ್ತದೆ. ಆ ಹೆಸರು ಬಲ್ಲವನಿಗೆ ಅರ್ಧ ನಿಮಿಷದ ಕೆಲಸ. ಅರಿಯದವನು ಹೊಸದಾಗಿ ಬರೆಯಲು ಕೂರುತ್ತಾನೆ.

ಯಾವ ವಿಧಾನ ಮೇಲು ಎಂದು ಅಳೆದವರು ವಿಲಿಯಂ ಫ್ರೇಕ್ಸ್ ಮತ್ತು ಥಾಮಸ್ ಪೋಲ್. 1994ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 35 ಜನ ಯುನಿಕ್ಸ್ ಉಪಕರಣಗಳ ಸಂಗ್ರಹವನ್ನು ನಾಲ್ಕು ರೀತಿಯಲ್ಲಿ ಹುಡುಕಿದರು: ಮುಖಗಳು, ಮರದಂಥ ವರ್ಗ, ಗುಣ-ಮೌಲ್ಯ ಪಟ್ಟಿ, ಬರಿಯ ಪದಗಳು. ಹುಡುಕಾಟದ ಫಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದೊಂದು ವಿಧಾನವೂ ಬೇರೆಬೇರೆ ತುಣುಕುಗಳನ್ನು ಹಿಡಿದು ತಂದಿತ್ತು. ಮುಖಗಳ ಪದ್ಧತಿಯ ಅಭಿಮಾನಿಗಳಿಗೆ ಇದು ಕಹಿ ಸುದ್ದಿ. ಪದಪಟ್ಟಿ ಕಟ್ಟುವ ಖರ್ಚಿಲ್ಲದ ಬರಿಯ ಪದ ಹುಡುಕಾಟವೂ ಅಷ್ಟೇ ಫಲ ಕೊಡುವುದಾದರೆ ದುಬಾರಿಯದನ್ನು ಯಾರು ಕೊಳ್ಳುತ್ತಾರೆ?

ಬೇರೆ ದಾರಿಗಳೂ ಇದ್ದವು. 1991ರ ‘ಗುರು’ ಎಂಬ ವ್ಯವಸ್ಥೆ ಕೈಪಿಡಿಯ ಪಠ್ಯದಲ್ಲಿ ಹತ್ತಿರಹತ್ತಿರ ಬರುವ ಪದಗಳ ಜೋಡಿ ಹಿಡಿದು ಸೂಚಿಯನ್ನು ತಾನೇ ಕಟ್ಟುತ್ತಿತ್ತು. ಹೆಸರನ್ನು ಪೂರ್ತಿ ಬಿಟ್ಟು ತುಣುಕಿನ ಆಕಾರದಿಂದ ಹುಡುಕುವ ಯತ್ನಗಳೂ ನಡೆದವು. ಏನನ್ನು ಒಳಗೆ ಕೊಡಬೇಕು, ಏನು ಹೊರಬರಬೇಕು ಎಂದಷ್ಟೇ ಹೇಳಿದರೆ ಸಾಕು. ಹ್ಯಾಸ್ಕೆಲ್ ಭಾಷೆಯವರ ‘ಹೂಗಲ್’ ಇಂದಿಗೂ ಹೀಗೆ ಹುಡುಕುತ್ತದೆ.

ಅಂಚೆಯಿಂದ ಜಾಲಕ್ಕೆ

ಗಣಿತದ ತಂತ್ರಾಂಶದವರು ಮಾತ್ರ ಸದ್ದಿಲ್ಲದೆ ಎಲ್ಲರಿಗಿಂತ ಮುಂದೆ ಹೋಗಿದ್ದರು. ಜ್ಯಾಕ್ ಡೊಂಗಾರಾ ಮತ್ತು ಎರಿಕ್ ಗ್ರಾಸ್ 1985ರಲ್ಲಿ ಆರಂಭಿಸಿದ ‘ನೆಟ್‌ಲಿಬ್’ಗೆ ಒಂದು ಸಾಲಿನ ಇಮೇಲ್ ಕಳಿಸಿದರೆ ಸೂಚಿಯೋ ಕೋಡೋ ಮರುಅಂಚೆಯಲ್ಲಿ ತಾನಾಗಿ ಬರುತ್ತಿತ್ತು. ಅವರ ಕ್ಷೇತ್ರದಲ್ಲಿ ಹೆಸರುಗಳು ಶತಮಾನಗಳಿಂದ ಗಟ್ಟಿಯಾಗಿವೆ, ಮ್ಯಾಟ್ರಿಕ್ಸ್ ಎಂದರೆ ಎಲ್ಲರಿಗೂ ಮ್ಯಾಟ್ರಿಕ್ಸೇ. ಆ ಅನುಕೂಲ ಬೇರೆಯವರಿಗೆ ಇರಲಿಲ್ಲ.

1995ರಲ್ಲಿ ಪರ್ಲ್ ಭಾಷೆಯ ‘ಸಿಪಾನ್’, 2003ರಲ್ಲಿ ಪೈಥಾನಿನ ‘ಪೈಪಿಐ’, 2010ರಲ್ಲಿ ಜಾವಾಸ್ಕ್ರಿಪ್ಟಿನ ‘ಎನ್‌ಪಿಎಂ’ ಎಂಬ ಜಾಲ ಲೈಬ್ರರಿಗಳು ಬಂದವು. ಸಿಪಾನಿನ ಹೆಸರುಗಳಲ್ಲಿ ಮಟ್ಟಕ್ಕೊಂದು ಜೋಡಿ ಕೋಲನ್ ಬರುತ್ತದೆ. ಅದಕ್ಕೂ ರಂಗನಾಥನ್ ಅವರಿಗೂ ನಂಟಿಲ್ಲ, ಅದು ಹಳೆಯ ಮರದ ಪದ್ಧತಿಯೇ. 2006ರ ಅಕ್ಟೋಬರ್‌ನಲ್ಲಿ ಗೂಗಲ್ ತೆರೆದ ಕೋಡ್ ಹುಡುಕಾಟ ಬೇರೆಯದೇ ಹೆಜ್ಜೆ. ಕೋಡನ್ನು ಮೂರುಮೂರು ಅಕ್ಷರಗಳ ತುಂಡುಗಳಾಗಿ ಸೂಚಿಸಿಟ್ಟು, ಬೇಡಿಕೆಯ ಮಾದರಿಯಲ್ಲಿ ಇರಲೇಬೇಕಾದ ತುಂಡುಗಳುಳ್ಳ ಕಡತಗಳನ್ನಷ್ಟೇ ತೆರೆದು ನೋಡುವುದು ಅದರ ಜಾಣತನ. 2012ರ ಜನವರಿಯಲ್ಲಿ ಅದನ್ನು ಮುಚ್ಚಿದರು. ಅದನ್ನು ಕಟ್ಟಿದ ರಸ್ ಕಾಕ್ಸ್ ಅದೇ ತಿಂಗಳು ಅದರ ಒಳಗುಟ್ಟನ್ನು ಬರೆದು ಪ್ರಕಟಿಸಿದರು.

ಹುಡುಕಿ ತರುವುದು ಒಂದು ಸಾಲಿನ ಆಜ್ಞೆಯಾದ ಮೇಲೆ, ಕೈಯಲ್ಲಿರುವ ಕೆಲಸಕ್ಕೆ ಹೊಂದುತ್ತದೆಯೇ ಎಂಬ ಮೂರನೆಯ ಪ್ರಶ್ನೆ ಹಿಂದೆ ಸರಿಯಿತು. 2016ರ ಮಾರ್ಚ್ 22ರಂದು ಎನ್‌ಪಿಎಂನಿಂದ ‘ಲೆಫ್ಟ್-ಪ್ಯಾಡ್’ ಎಂಬ ತುಣುಕನ್ನು ಅದರ ಕರ್ತೃ ತೆಗೆದುಹಾಕಿದಾಗ ಜಗತ್ತಿನ ದೊಡ್ಡದೊಡ್ಡ ಯೋಜನೆಗಳ ಪ್ರೋಗ್ರಾಂ ಕಟ್ಟುವ ಕೆಲಸವೇ ನಿಂತುಹೋಯಿತು. ಅದರಲ್ಲಿದ್ದದ್ದು 11 ಸಾಲು, ಮಾಡುತ್ತಿದ್ದ ಕೆಲಸ ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವುದು. ಹುಡುಕುವ ಶ್ರಮಕ್ಕೆ ಹೆದರಿ ಎಲ್ಲವನ್ನೂ ಹೊಸದಾಗಿ ಬರೆಯುತ್ತಿದ್ದ ತಲೆಮಾರಿನ ನಂತರ, ಹನ್ನೊಂದು ಸಾಲಿಗೂ ಕೈ ಚಾಚುವ ತಲೆಮಾರು ಬಂದಿತ್ತು.

ಕನ್ನಡದ ಬಿಡಿಭಾಗಗಳು

ಕನ್ನಡ ತಂತ್ರಾಂಶದಲ್ಲಿ ಎರಡು ತುದಿಗಳೂ ಕಾಣುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸವನ್ನು ಇಂದು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲವೂ ‘ಹಾರ್ಫ್‌ಬಜ್’ ಎಂಬ ಒಂದೇ ಬಿಡಿಭಾಗಕ್ಕೆ ಒಪ್ಪಿಸಿವೆ. ವಿಕಿಮೀಡಿಯಾದ ‘ಜೆಕ್ವೆರಿ ಐಎಂಇ’ ಎಂಬ ಕೀಲಿಮಣೆ ತುಣುಕಿನಲ್ಲಿ ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೂ ಇದೆ. ಇನ್ನೊಂದು ತುದಿಯಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಂ. ಪತ್ರಿಕೆ, ಪ್ರಕಾಶನ, ಸರ್ಕಾರಿ ಕಚೇರಿ ಎಲ್ಲರಿಗೂ ಬೇಕಾದ ಇದನ್ನು ಹಲವರು ಹಲವು ಭಾಷೆಗಳಲ್ಲಿ ಮತ್ತೆಮತ್ತೆ ಬರೆದಿದ್ದಾರೆ. ಇರುವುದನ್ನು ಹುಡುಕಲು ಕನ್ನಡ ಎಂಬ ಪದ ಸಾಲದು. ಭಾಷೆಯ ಸಂಕೇತ ಒಂದು ಪಟ್ಟಿಯಲ್ಲಿ ‘ಕೆಎನ್’, ಇನ್ನೊಂದರಲ್ಲಿ ‘ಕೆಎಎನ್’, ಲಿಪಿಗೆ ‘ಕೆಎನ್‌ಡಿಎ’, ಅಕ್ಷರವಿನ್ಯಾಸದ ಹೊಸ ನಿಯಮಗಳಿಗೆ ‘ಕೆಎನ್‌ಡಿ2’. ನಾಲ್ಕನ್ನೂ ಬಲ್ಲವನ ಬಲೆಗೆ ಮಾತ್ರ ಎಲ್ಲ ಮೀನೂ ಬೀಳುತ್ತದೆ.

ಈಚಿನ ಹಂತ ಯಂತ್ರಕಲಿಕೆಯದು. 2019ರಲ್ಲಿ ಗಿಟ್‌ಹಬ್ ಪ್ರಕಟಿಸಿದ ‘ಕೋಡ್‌ಸರ್ಚ್‌ನೆಟ್’ ಆರು ಭಾಷೆಗಳ ಸುಮಾರು 60 ಲಕ್ಷ ತುಣುಕುಗಳನ್ನು ಒಟ್ಟುಗೂಡಿಸಿ, ಆಡುಮಾತಿನ ಪ್ರಶ್ನೆಗೆ ಕೋಡು ಹೊಂದಿಸುವ ಸಂಶೋಧನೆಗೆ ಸಾಮಗ್ರಿ ಒದಗಿಸಿತು. ಪ್ರಿಯೆಟೊ-ಡಿಯಾಸ್ ಕಾಲದಲ್ಲಿ ತಜ್ಞರು ತುಂಬುತ್ತಿದ್ದ ಪದಗಳ ದೂರವನ್ನು ಈಗ ಯಂತ್ರವೇ ಉದಾಹರಣೆಗಳಿಂದ ಲೆಕ್ಕ ಹಾಕಿಕೊಳ್ಳುತ್ತದೆ. 2021ರಲ್ಲಿ ಬಂದ ‘ಕೋಪೈಲಟ್’ನಂಥ ಸಾಧನಗಳು ಹುಡುಕುವುದನ್ನೇ ಬಿಟ್ಟು ಹೊಸದಾಗಿ ಬರೆದು ಕೊಡುತ್ತವೆ. ಇಂಥ ಮಾದರಿಗಳು ಇಲ್ಲದ ಲೈಬ್ರರಿಯ ಹೆಸರನ್ನೂ ಧೈರ್ಯವಾಗಿ ಹೇಳುವುದುಂಟು. ಆ ಹೆಸರನ್ನು ಯಾರಾದರೂ ಮೊದಲೇ ನೋಂದಾಯಿಸಿ ದುಷ್ಟ ಕೋಡು ಇಟ್ಟು ಕಾಯಬಹುದು ಎಂಬುದು ಭದ್ರತಾ ಸಂಶೋಧಕರ ಹೊಸ ಚಿಂತೆ.

ಹೆಸರಿಡುವ ಹಕ್ಕಿನಲ್ಲೂ ಅಸಮಾನತೆ ಉಳಿದಿದೆ. 2008ರ ಪೈಥಾನ್ 3.0ರಿಂದ ತುಣುಕಿನ ಒಳಗಿನ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ಅರ್ಧಾಕ್ಷರ ಉಳಿಸುವ ಕಾಣದ ಸಂಕೇತವನ್ನು ಜಾವಾಸ್ಕ್ರಿಪ್ಟ್ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. ಅದೇ ತುಣುಕನ್ನು ಪೈಪಿಐಗೆ ಸೇರಿಸುವಾಗ ಹೊರಗಿನ ಹೆಸರು ರೋಮನ್ ಅಕ್ಷರ, ಅಂಕಿ, ಚುಕ್ಕೆ, ಅಡ್ಡಗೆರೆಗಳಲ್ಲೇ ಇರಬೇಕು.