ಮರಳು, ಸೋಡಾ ಮತ್ತು ಒಂದು ಹಳೆಯ ಯೆಜ್ಡಿ

ವರ್ಗಾವಣೆಯ ಆದೇಶ ಬಂದಾಗಲೆಲ್ಲ ಕೇಂದ್ರ ಸರ್ಕಾರದ ನೌಕರರಾದ ನಮ್ಮಂಥವರು ಮೊದಲು ಲೆಕ್ಕ ಹಾಕುವುದು, ಯಾವ ವಸ್ತುವನ್ನು ಬಿಟ್ಟುಹೋಗಬಹುದು ಎಂಬುದನ್ನು. ವಡೋದರಾಕ್ಕೆ ಬರುವಾಗ ನಾವು ಬಿಡಲಾರದೆ ತಂದದ್ದು ತಂದೆಯವರ ಯೆಜ್ಡಿ ಬೈಕನ್ನು. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಹೀಗಾಗಿ ಅದರ ಮೂಲ ಭಾಗಗಳನ್ನು ಬದಲಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಜಾಣತನ.

ಈ ಮಾತು ನಮಗೆ ತಡವಾಗಿ ಅರ್ಥವಾಯಿತು. ಒಂದು ಗ್ಯಾರೇಜಿನಲ್ಲಿ ಎಂಜಿನ್ನಿನ ಅಲ್ಯೂಮಿನಿಯಂ ಕವಚವನ್ನು ಮರಳು ಊದಿಸಿ ಚೊಕ್ಕಟ ಮಾಡಿಸಿದೆವು. ವರ್ಷಗಳ ಕಪ್ಪು ಜಿಡ್ಡು ಹೋಯಿತು. ಅದರೊಡನೆ ಎರಡು ಹೋಳುಗಳು ಕೂಡುವ ಅಂಚಿನ ನಯವೂ ಹೋಯಿತು. ಜೋಡಿಸಿದ ಮೇಲೆ ಎಣ್ಣೆ ಜಿನುಗತೊಡಗಿತು. ತೊಳೆಯುವುದೇ ಬೇರೆ, ತೇಯುವುದೇ ಬೇರೆ ಎಂದು ತಿಳಿದದ್ದು ಆಗ. ಈ ವ್ಯತ್ಯಾಸಕ್ಕೆ ಒಂದು ಇತಿಹಾಸವಿದೆ. ಅದರ ಒಂದು ಎಳೆ ಗುಜರಾತಿನಲ್ಲಿಯೇ ಇದೆ.

ಮರಳನ್ನು ರಭಸದಿಂದ ಊದಿ ಗಟ್ಟಿ ವಸ್ತುವನ್ನು ಕೊರೆಯುವ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ 1870ರಲ್ಲಿ ಪೇಟೆಂಟ್ ಪಡೆದನು. ಎರಕದ ಲೋಹವನ್ನು ಶುಚಿಗೊಳಿಸಲು ಕಾರ್ಖಾನೆಗಳು ಅದನ್ನು ಬೇಗನೆ ಅಪ್ಪಿಕೊಂಡವು. ಆದರೆ ಒಡೆದ ಮರಳಿನ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತಂದಿತು. ಬ್ರಿಟನ್ 1949ರಲ್ಲಿ ಇಂಥ ಕೆಲಸಕ್ಕೆ ಮರಳಿನ ಬಳಕೆಯನ್ನು ನಿಷೇಧಿಸಿತು. ಈ ಧೂಳಿನ ಕಥೆ ನಮಗೆ ದೂರದ್ದೇನಲ್ಲ. ವಡೋದರಾಕ್ಕೆ ಸಮೀಪದ ಗೋಧ್ರಾದ ಕಡೆ ಕ್ವಾರ್ಟ್ಜ್ ಕಲ್ಲನ್ನು ಪುಡಿಮಾಡುವ ಕಾರ್ಖಾನೆಗಳಲ್ಲಿ ದುಡಿದು ಸಿಲಿಕೋಸಿಸ್‌ನಿಂದ ಮಡಿದ 238 ಕಾರ್ಮಿಕರ ಕುಟುಂಬಗಳಿಗೆ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಕೆಲಸ ಬೇರೆ, ಧೂಳು ಒಂದೇ.

ಮರಳಿನ ಸ್ಥಾನಕ್ಕೆ ಅಡುಗೆ ಸೋಡಾ ಬಂದದ್ದು ಒಂದು ಪ್ರತಿಮೆಯ ದೆಸೆಯಿಂದ. 1886ರಲ್ಲಿ ಲೋಕಾರ್ಪಣೆಗೊಂಡ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನು ಶತಮಾನೋತ್ಸವಕ್ಕೆಂದು 1984ರಿಂದ 86ರವರೆಗೆ ಜೀರ್ಣೋದ್ಧಾರ ಮಾಡಿದರು. ಅದರ ತಾಮ್ರದ ಹೊದಿಕೆಯ ದಪ್ಪ ಸುಮಾರು 2.4 ಮಿಲಿಮೀಟರ್ ಮಾತ್ರ. ಒಳಮೈಗೆ ಬಳಿದಿದ್ದ ಬಣ್ಣದ ಪದರಗಳು ದ್ರವ ಸಾರಜನಕದ ತಂಪಿಗೆ ಉದುರಿದವು. ಅಡಿಯ ಟಾರು ಮಾತ್ರ ಬಿಡಲಿಲ್ಲ. ಮರಳು ಊದಿದರೆ ತಾಮ್ರವೇ ಸವೆಯುತ್ತಿತ್ತು. ಕೊನೆಗೆ ಅಡುಗೆ ಸೋಡಾವನ್ನು ಊದಿ ಟಾರನ್ನು ಬಿಡಿಸಿದರು. ಸೋಡಾವೂ ಪೂರ್ತಿ ನಿರಪಾಯವಾಗಿರಲಿಲ್ಲ: ಸಂದುಗಳಿಂದ ಹೊರಸೋರಿದ ಪುಡಿ ಹೊರಮೈಯ ಹಸಿರು ಕಿಲುಬನ್ನು ಅಲ್ಲಲ್ಲಿ ನೀಲಿಗೆ ತಿರುಗಿಸಿತು.

ಇದರ ಗುಟ್ಟು ಗಡಸುತನದಲ್ಲಿದೆ. ಖನಿಜಗಳ ಗಡಸನ್ನು ಅಳೆಯುವ ಮೋಸ್ ಮಾಪಕದಲ್ಲಿ ಮರಳು 7, ಸೋಡಾ ಸುಮಾರು 2.5. ಸೋಡಾದ ಹರಳು ಲೋಹಕ್ಕೆ ಬಡಿದೊಡನೆ ತಾನೇ ಸಿಡಿದು, ಆ ಸಿಡಿತದಲ್ಲಿ ಜಿಡ್ಡನ್ನೂ ಬಣ್ಣವನ್ನೂ ಎಬ್ಬಿಸುತ್ತದೆ. ಅದು ನೀರಿನಲ್ಲಿ ಕರಗುವುದು ಇನ್ನೊಂದು ಲಾಭ. ಕಾರ್ಬ್ಯುರೇಟರಿನ ಸಣ್ಣ ರಂಧ್ರದಲ್ಲಿ ಉಳಿದ ಸೋಡಾವನ್ನು ನೀರು ಕರಗಿಸಿ ಒಯ್ಯುತ್ತದೆ. ಎಣ್ಣೆಯ ದಾರಿಯಲ್ಲಿ ಉಳಿದ ಒಂದು ಮರಳ ಕಣ ಬೇರಿಂಗನ್ನೇ ಹಾಳುಮಾಡಬಲ್ಲದು. ಆದರೆ ಗಟ್ಟಿ ತುಕ್ಕಿನ ಮುಂದೆ ಸೋಡಾದ ಆಟ ನಡೆಯದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮುಖವಾಡವನ್ನೂ ಬಿಡುವಂತಿಲ್ಲ.

ಗುಜರಾತಿನ ಎಳೆ ಎಂದೆವಲ್ಲ, ಅದು ಈ ಸೋಡಾದ್ದು. ದ್ವಾರಕೆಯ ಬಳಿಯ ಓಖಾಮಂಡಲ ಆಗ ಬರೋಡಾ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಮೀಠಾಪುರದಲ್ಲಿ 1939ರಲ್ಲಿ ಸ್ಥಾಪನೆಯಾದ ಟಾಟಾ ಕೆಮಿಕಲ್ಸ್ ಸಮುದ್ರದ ಉಪ್ಪಿನಿಂದ ಸೋಡಾ ತಯಾರಿಸುತ್ತ ಬಂದಿದೆ. ಗುಜರಾತಿಯಲ್ಲಿ ಉಪ್ಪಿಗೆ ‘ಮೀಠುಂ’ ಎನ್ನುತ್ತಾರೆ. ಮೀಠಾಪುರವೆಂದರೆ ಉಪ್ಪಿನ ಊರು. ನಮ್ಮ ಹಳ್ಳಿಗಳ ಅಗಸರು ಚೌಳು ಮಣ್ಣಿನಿಂದ ಬಟ್ಟೆಯ ಕೊಳೆ ತೆಗೆಯುತ್ತಿದ್ದುದೂ ಈ ಕ್ಷಾರದ ಬಲದಿಂದಲೇ.

ಯೆಜ್ಡಿಯ ಉಳಿದ ಭಾಗಗಳನ್ನು ನಾವು ಅಹಮದಾಬಾದಿಗೆ ಒಯ್ದೆವು. ಪ್ರಾಣಲಾಲ್ ಭೋಗಿಲಾಲ್ ಅವರು ಕೂಡಿಸಿದ ನೂರಕ್ಕೂ ಹೆಚ್ಚು ಹಳೆಯ ಕಾರುಗಳು ಆ ಊರಿನ ಕಠವಾಡಾದಲ್ಲಿವೆ. ಹಳೆಯ ಗಾಡಿಯ ಬೆಲೆ ಬಲ್ಲ ಊರದು. ಅಲ್ಲಿಯ ಮಿಸ್ತ್ರಿಯೊಬ್ಬರು ಕಂಪ್ರೆಸರಿನ ಒತ್ತಡವನ್ನು ತಗ್ಗಿಸಿ, ಸೋಡಾ ಊದಿ, ಭಾಗಗಳನ್ನು ಮೂರು ಸಲ ನೀರಿನಲ್ಲಿ ತೊಳೆದರು. ಸೂರತ್ತಿನಲ್ಲಿರುವ ನಮ್ಮ ಕನ್ನಡ ಮಿತ್ರರೊಬ್ಬರು ಈ ಕೊನೆಯ ಹೆಜ್ಜೆಯನ್ನು ಬಿಟ್ಟು ತಮ್ಮ ಸ್ಕೂಟರಿಗೆ ಬಣ್ಣ ಹೊಡೆದಿದ್ದರು. ಉಳಿದ ಸೋಡಾದ ಮೇಲೆ ನಿಂತ ಬಣ್ಣ ಹಪ್ಪಳದಂತೆ ಎದ್ದುಬಂತು. ಮಳೆಗಾಲದ ತೇವದಲ್ಲಿ ಸೋಡಾ ಕೊಳವೆಯೊಳಗೇ ಗಂಟು ಕಟ್ಟುವುದನ್ನೂ ಅವರೇ ಹೇಳಿದರು.

2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಹಳೆಯ ಕಾರುಗಳ ದೊಡ್ಡ ಪ್ರದರ್ಶನ ನಡೆಯಿತು. ಸಂಸ್ಥಾನಗಳ ರಥಗಳಂಥ ಆ ಕಾರುಗಳ ಸಾಲಿನಲ್ಲಿ ನಮ್ಮ ಯೆಜ್ಡಿಗೆ ಸ್ಥಳವಿಲ್ಲ. ಆದರೆ ಸೋಡಾದಿಂದ ತೊಳೆದ ಕಾರ್ಬ್ಯುರೇಟರಿನ ಮೈಮೇಲೆ ಎರಕದಲ್ಲಿ ಮೂಡಿದ ಅಂಕಿಗಳು ಈಗ ಮತ್ತೆ ಓದಲು ಬರುತ್ತವೆ. ಭಾನುವಾರಗಳಂದು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತಂದೆಯವರು ಒರೆಸುತ್ತಿದ್ದ ಅಂಕಿಗಳವು. ಮರಳು ಊದಿಸಿದ ಕವಚದ ಅಂಚಿನಲ್ಲಿ ಎಣ್ಣೆ ಇನ್ನೂ ಜಿನುಗುತ್ತಿದೆ.