ಕಟ್ಟೆಯ ಮಾತು

ಮಳೆ ಬಂದ ಮರುದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಎಬ್ಬಿಸುತ್ತಿದ್ದದ್ದೇ ಒಂದು ಮಾತಿನಿಂದ. "ಕಟ್ಟೆಗೆ ನೀರು ಬಂದೈತಾ ನೋಡ್ಕಂಡು ಬಾರಪ್ಪ." ಹುಳಿಯಾರು ಕಡೆಯ ಆ ಊರಿಗೆ ಕೆರೆ ಒಂದು, ಕಟ್ಟೆ ಮೂರು. ಕೆರೆಗೆ ನೀರು ಬಂದ ಸುದ್ದಿ ತಾನಾಗಿ ಊರೆಲ್ಲ ಹಬ್ಬುತ್ತಿತ್ತು. ಕಟ್ಟೆಯ ಸುದ್ದಿಯನ್ನು ಯಾರಾದರೂ ಹೋಗಿ ನೋಡಿಯೇ ತರಬೇಕಿತ್ತು. ನಾನು ಓಡುತ್ತಿದ್ದೆ. ದಡದ ಜೇಡಿಮಣ್ಣಿನ ತುಂಬ ದನಗಳ ಗೊರಸಿನ ಗುರುತು, ಪ್ರತಿ ಗುರುತಿನೊಳಗೂ ಒಂದೊಂದು ಗುಟುಕು ಕೆಂಪು ನೀರು. ಕೋಲು ಇಳಿಸಿ ಅಳೆದು ಬಂದು "ಮೊಣಕಾಲುದ್ದ ಬಂದೈತಜ್ಜಿ" ಎಂದರೆ, "ಹಂಗಾದ್ರೆ ದನಿಗೆ ಚಿಂತಿಲ್ಲ ಬಿಡು" ಎಂದು ಆಕೆ ಒಲೆಯ ಮುಂದೆ ಕೂರುತ್ತಿದ್ದಳು.

ಆಗ ನನಗೆ ಕಟ್ಟೆಯೆಂದರೆ ಅದು. ಶಾಲೆಯ ದಾರಿಯಲ್ಲಿ ಅರಳೀಕಟ್ಟೆಯೂ ಇತ್ತು, ಮನೆಯಂಗಳದಲ್ಲಿ ತುಳಸಿಕಟ್ಟೆಯೂ ಇತ್ತು. ಒಂದರಲ್ಲಿ ನೀರು, ಒಂದರಲ್ಲಿ ಮರ, ಇನ್ನೊಂದರಲ್ಲಿ ಗಿಡ. ಇವಕ್ಕೆಲ್ಲ ಒಂದೇ ಹೆಸರು ಯಾಕೆಂದು ನಾನು ಕೇಳಿಕೊಂಡದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನ ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರು "ಯಾರ್ರೀ ಸುಂಕದಕಟ್ಟೆ, ಮುಂದೆ ಬನ್ನಿ" ಎಂದು ಕೂಗಿದಾಗ.

ಕಟ್ಟು ಎಂಬ ಕ್ರಿಯಾಪದವನ್ನು ದಿನಕ್ಕೆ ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ದನ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ. ಮೋಡ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಹಾಲಿನ ಮೇಲೆ ಕೆನೆ ಕಟ್ಟುತ್ತದೆ. ಚದುರಿಹೋಗಬಹುದಾದದ್ದು, ಹರಿದುಹೋಗಬಹುದಾದದ್ದು ಒಂದೆಡೆ ನಿಲ್ಲುವುದೇ ಕಟ್ಟುವಿಕೆ. ಅದಕ್ಕೆ ಕಲ್ಲುಮಣ್ಣಿನ ರೂಪ ಬಂದರೆ ಕಟ್ಟೆ. ಹರಿಯುವ ನೀರು ನಿಲ್ಲುವಲ್ಲೊಂದು ಕಟ್ಟೆ, ನಡೆಯುವ ಮನುಷ್ಯ ಕೂರುವಲ್ಲೊಂದು ಕಟ್ಟೆ, ಸಾಗುವ ಸರಕು ತಡೆಯುವಲ್ಲೊಂದು ಕಟ್ಟೆ. ನಮ್ಮ ಊರುಗಳು ಹುಟ್ಟಿ ಬೆಳೆದದ್ದು ಈ ನಿಲುಗಡೆಗಳ ಸುತ್ತ. "ನಿಂತ ನೀರಾಗಬೇಡ" ಎಂದು ಮಕ್ಕಳಿಗೆ ಬುದ್ಧಿ ಹೇಳುವ ನಾವೇ, ನೀರು ನಿಂತ ಜಾಗ ನೋಡಿ ಮನೆ ಕಟ್ಟಿದವರ ಮೊಮ್ಮಕ್ಕಳು.

ಬಯಲುಸೀಮೆಯಲ್ಲಿ ಕೆರೆ ಬೇರೆ, ಕಟ್ಟೆ ಬೇರೆ. ಕೆರೆಗೊಂದು ದೊಡ್ಡ ಏರಿ, ನೀರು ಬಿಡಲು ತೂಬು, ಹೆಚ್ಚಾದದ್ದು ಹೋಗಲು ಕೋಡಿ, ಸರದಿಯಂತೆ ಗದ್ದೆಗೆ ನೀರು ಹಾಯಿಸಲು ನೀರುಗಂಟಿ. ಅದರ ನೀರು ಉಣ್ಣುವ ನೆಲಕ್ಕೆ ಅಚ್ಚುಕಟ್ಟು ಎಂಬ ಹೆಸರು. ಓರಣವಾಗಿ ಮನೆ ಇಟ್ಟುಕೊಂಡವಳನ್ನು ಹೊಗಳಲು ಬಳಸುವ ಮಾತೂ ಅದೇ. ಕಟ್ಟೆಗೆ ಈ ಯಾವ ವೈಭವವೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ ಹಾಕಿದ ಆಳೆತ್ತರದ ಒಡ್ಡು, ಅಷ್ಟೇ. ಬಹಳಷ್ಟು ಕಟ್ಟೆಗಳಿಗೆ ತೂಬು ಕೂಡ ಇರುವುದಿಲ್ಲ. ಮೇಯಲು ಹೋದ ದನಕುರಿ ಅಲ್ಲಿ ನೀರು ಕುಡಿಯುತ್ತವೆ, ಮಿಕ್ಕದ್ದು ನೆಲಕ್ಕೆ ಇಂಗಿ ಕೆಳಗಿನ ತೋಟದ ಬಾವಿಯಲ್ಲಿ ಏಳುತ್ತದೆ, ಹೊಲದಿಂದ ಕೊಚ್ಚಿಬಂದ ಹೂಳು ಕೆರೆಗೆ ಹೋಗದೆ ಇಲ್ಲೇ ಕೂರುತ್ತದೆ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತದೆ ಸರ್ಕಾರದ ಲೆಕ್ಕ. ಆ ಕೆರೆಗಳ ಬೆನ್ನಿಗೆ ನಿಂತ ಕಟ್ಟೆಗಳನ್ನು ಎಣಿಸಿಕೊಂಡಿದ್ದವರು ದನಗಾಹಿಗಳು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಅಂಥ ಒಬ್ಬ ಕುರಿಗಾಹಿ. ಕುಂದಿನಿ ಬೆಟ್ಟದಲ್ಲಿ ಕುರಿ ಮೇಯಿಸುವಾಗ ಪ್ರಾಣಿಪಕ್ಷಿಗಳಿಗೆ ಗುಟುಕು ನೀರಿಲ್ಲದ್ದು ಅವರ ಕಣ್ಣಿಗೆ ಬಿತ್ತು. ಕುರಿ ಮಾರಿದ ದುಡ್ಡು ಹಾಕಿ ಬೆಟ್ಟದ ಮೈಮೇಲೆ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದರು. ಒಂದೊಂದಕ್ಕೂ ಹೆಸರಿಟ್ಟರು. 2022ರಲ್ಲಿ ಅವರು ತೀರಿಕೊಂಡರು. ಜನ ಅವರನ್ನು ಕರೆದದ್ದು ಕೆರೆ ಕಾಮೇಗೌಡ ಎಂದು. ನನ್ನ ಮಟ್ಟಿಗೆ ಅವರು ಕಟ್ಟೆ ಕಾಮೇಗೌಡ. ಕೆರೆ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಬರೆಸಿದ ಅರಸರು, ದಂಡನಾಯಕರು ಬೇಕಾದಷ್ಟು ಮಂದಿ ಇದ್ದಾರೆ. ಯಾರ ಹೊಲಕ್ಕೂ ಹರಿಯದ, ಹಕ್ಕಿಗೂ ಕುರಿಗೂ ಮಾತ್ರ ಆಗುವ ನೀರನ್ನು ನಿಲ್ಲಿಸಿದವರ ಶಾಸನ ಎಲ್ಲಿದೆ?

ಇಷ್ಟು ಸಣ್ಣ ಮಾತು ಎಷ್ಟು ದೊಡ್ಡದನ್ನೂ ಹೊರಬಲ್ಲುದು ನೋಡಿ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಶುರುವಾದ ಕೃಷ್ಣರಾಜಸಾಗರಕ್ಕೆ ಮಂಡ್ಯದ ರೈತರು ಇಟ್ಟ ಹೆಸರು ಕನ್ನಂಬಾಡಿ ಕಟ್ಟೆ. ಅದರ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು 49 ಟಿಎಂಸಿಗೂ ಮಿಕ್ಕು. ಅಷ್ಟು ನೀರನ್ನೂ ಅವರು ದನ ಕುಡಿಯುವ ಕಟ್ಟೆಯ ಹೆಸರಿನಿಂದಲೇ ಕರೆದರು. ಜುಲೈ ಬಂತೆಂದರೆ ಟೀ ಅಂಗಡಿಯಲ್ಲಿ "ಕಟ್ಟೆ ಎಷ್ಟಾಯ್ತಣ್ಣ?" ಎಂದರೆ ಸಾಕು, ಯಾವ ಕಟ್ಟೆ ಎಂದು ಯಾರೂ ಕೇಳುವುದಿಲ್ಲ. ಆ ನೀರಿನಡಿ ಮುಳುಗಿದ ಕನ್ನಂಬಾಡಿ ಎಂಬ ಊರಿನ ಹೆಸರು ಉಳಿದಿರುವುದೂ ಬಹುಮಟ್ಟಿಗೆ ಈ ಮಾತಿನ ದೆಸೆಯಿಂದ.

ಗಡಿಯಾಚೆ, ಕಾಸರಗೋಡಿನ ಏತಡ್ಕದಲ್ಲಿ ಇದು ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ತೆಳ್ಳಗಾದಾಗ ಅಡಕೆ ತೋಟದವರು ಒಟ್ಟುಗೂಡಿ ಕಲ್ಲು, ಮಣ್ಣು ಒಟ್ಟಿ ಅಡ್ಡ ಕಟ್ಟುತ್ತಾರೆ. ಒಂದು ಕಟ್ಟದ ಹಿನ್ನೀರು ಮುಗಿಯುವಲ್ಲಿ ಮೇಲಿನವರ ಇನ್ನೊಂದು ಕಟ್ಟ. ಬೇಸಗೆಯುದ್ದಕ್ಕೂ ಎರಡೂ ದಡದ ಬಾವಿಗಳಲ್ಲಿ ನೀರು ಮೇಲಿರುತ್ತದೆ. ಮುಂದಿನ ಮಳೆಗೆ ಕಟ್ಟ ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ವರ್ಷವರ್ಷವೂ ಕಟ್ಟಬೇಕಾದ್ದರಿಂದಲೇ ನೆರೆಹೊರೆಯವರು ವರ್ಷಕ್ಕೊಮ್ಮೆಯಾದರೂ ಕೂತು ಮಾತಾಡಲೇಬೇಕಾಗುತ್ತದೆ. ನನಗೆ ಇದು ನೀರಿಗಿಂತ ಕಡಿಮೆ ಲಾಭ ಅನ್ನಿಸುವುದಿಲ್ಲ. ಇನ್ನು ನಮ್ಮ ಅಣೆಕಟ್ಟು, ತಮಿಳಿನ ಅಣೈಕಟ್ಟು ಎಂಬ ಮಾತು ಇಂಗ್ಲಿಷ್ ಎಂಜಿನಿಯರುಗಳ ಬಾಯಲ್ಲಿ ಆನಿಕಟ್ ಆಯಿತು, ಅವರ ನಿಘಂಟನ್ನೂ ಸೇರಿತು. ನದಿಗೆ ಅಡ್ಡ ಕಟ್ಟುವ ವಿದ್ಯೆ ಇಲ್ಲಿ ಮೊದಲೇ ಇತ್ತೆಂಬುದಕ್ಕೆ ಆ ಸಾಲದ ಪದವೇ ಸಾಕ್ಷಿ.

ಈಗ ಸುಂಕದಕಟ್ಟೆಗೆ ಬರೋಣ. ಮಾಗಡಿ ರಸ್ತೆಯಲ್ಲಿ ಊರ ಹೊರಗೆ ಹೊರಟರೆ ಮೊದಲು ಟೋಲ್‌ಗೇಟ್ ಎಂಬ ಬಸ್‌ ನಿಲ್ದಾಣ ಸಿಗುತ್ತದೆ, ಇನ್ನಷ್ಟು ಮುಂದೆ ಸುಂಕದಕಟ್ಟೆ. ಒಂದೇ ದಾರಿಯ ಮೇಲೆ ಒಂದೇ ಕೆಲಸಕ್ಕೆ ಎರಡು ಭಾಷೆಯ ಹೆಸರು. ಗೇಟಿನ ಮರದ ಅಡ್ಡೆಯೂ ಈಗಿಲ್ಲ, ಕಟ್ಟೆಯ ಕಲ್ಲೂ ಇಲ್ಲ. ಮಾಗಡಿ ಸೀಮೆಯಿಂದ ಪೇಟೆಗೆ ಬರುವ ಗಾಡಿ ಎಲ್ಲೋ ಒಂದೆಡೆ ನೊಗ ಇಳಿಸಿ, ಎತ್ತಿಗೆ ನೀರು ಕುಡಿಸಿ, ಹೇರಿದ ಸರಕಿನ ಲೆಕ್ಕ ಒಪ್ಪಿಸಿ ಮುಂದೆ ಹೋಗಬೇಕಿತ್ತು ಎಂಬುದಷ್ಟು ಈ ಹೆಸರುಗಳಲ್ಲಿ ಉಳಿದಿದೆ.

ಸುಂಕ ನಮ್ಮಲ್ಲಿ ಬಹಳ ಹಳೆಯ ಮಾತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ ಬರುತ್ತದೆ. ಎಂದರೆ ಹಿರಿದಾದ ಸುಂಕ. ಆಮೇಲೆ ಅದೇ ಹೆಜ್ಜುಂಕ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟ ಐಹೊಳೆಯ ಹೆಸರು ಹೊತ್ತು ದಕ್ಷಿಣ ದೇಶವನ್ನೆಲ್ಲ ಸುತ್ತುತ್ತಿದ್ದ ಕಾಲ ಅದು. ಆ ಎತ್ತು, ಕತ್ತೆ, ಹೇರುಗಳು ಎಷ್ಟು ಕಟ್ಟೆಗಳಲ್ಲಿ ತಡೆದು ನಿಂತಿರಬೇಕು! 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನಿದ್ದ. ಸುಂಕ ವಸೂಲಿ ಅವನ ಕಾಯಕ, ಬಂಕೇಶ್ವರಲಿಂಗ ಅವನ ಅಂಕಿತ. ತನ್ನ ಕಸುಬಿನ ಮಾತನ್ನೇ ಹಿಡಿದು ಅವನು ವಚನ ಬರೆದ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂದು ಗಾದೆ ಮಾಡಿಟ್ಟುಕೊಂಡ ನಾಡು ಒಬ್ಬ ಸುಂಕದವನನ್ನು ಶರಣನೆಂದು ಕೈಮುಗಿಯಿತು. ಎರಡೂ ನಮ್ಮವೇ.

ಸರಕು ನಿಂತಲ್ಲಿ ವ್ಯಾಪಾರ ಕುದುರುತ್ತದೆ. ಉಡುಪಿಯ ಪಕ್ಕ ಹೆದ್ದಾರಿಯ ಮೇಲೆಯೇ ಸಂತೆಕಟ್ಟೆ ಎಂಬ ಊರಿದೆ. ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಂತೂ ನಾನು ಹೇಳುತ್ತಿರುವುದೆಲ್ಲ ಒಂದೇ ಕಡೆ ಸಿಗುತ್ತದೆ. ಕಾವೇರಿ ಅಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ, ಹೊಳೆಗೊಂದು ಹಳೆಯ ಅಣೆಕಟ್ಟೆ, ದಡದಲ್ಲಿ ರಾಮದೇವರ ಗುಡಿ, ಸಂಕ್ರಾಂತಿಯ ಆಜುಬಾಜಿಗೆ ದನಗಳ ಜಾತ್ರೆ. ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಜೋಡಿಗಳ ನಡುವೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕಟ್ಟುತ್ತಾರೆ. ದರಕ್ಕೂ ಅದೇ ಕ್ರಿಯಾಪದ.

ನಿಲ್ಲದಿದ್ದರೆ ಏನಾಗುತ್ತದೆಂದು ನಾವು ಈಚೆಗೆ ಕಂಡೆವು. 2017ರ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಲಾರಿಯವರಿಗೆ ಅದು ಒಳ್ಳೆಯದೇ ಆಯಿತು. 2021ರಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು, ಸುಂಕ ಕಟ್ಟಲೂ ಗಾಡಿ ನಿಲ್ಲಬೇಕಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಪಕ್ಕಕ್ಕೆ ಬಿಟ್ಟು ವಾಹನಗಳು ಹೊರಟವು. ತಟ್ಟೆ ಇಡ್ಲಿ, ಬೊಂಬೆ, ವಡೆಗಳ ಅಂಗಡಿಯವರು ಹಳೇ ರಸ್ತೆಯ ಬದಿಯಲ್ಲಿ ಗಿರಾಕಿಗಾಗಿ ಕಾದು ಕೂತರು. ಬೇಗ ಹೋಗುವುದು ಬೇಡವೆಂದು ನಾನು ಹೇಳಲಾರೆ, ಆಸ್ಪತ್ರೆಗೆ ಹೊರಟವರಿಗೆ ಒಂದೊಂದು ನಿಮಿಷವೂ ಮುಖ್ಯ. ಆದರೆ ಆ ಪೇಟೆಗಳೆಲ್ಲ ದಾರಿಹೋಕರ ಒಂದು ಗಳಿಗೆಯ ನಿಲುಗಡೆಯನ್ನೇ ನೆಚ್ಚಿಕೊಂಡು ಬೆಳೆದಿದ್ದವು. ರಸ್ತೆಯ ನಕ್ಷೆ ಬರೆದವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಇನ್ನು ಕೂರುವ ಕಟ್ಟೆ. ಉತ್ತರ ಕರ್ನಾಟಕದಲ್ಲಿ ಇದು ಕಟ್ಟಿ, "ಗುಡಿ ಕಟ್ಟಿ ಮ್ಯಾಲ ಕುಂತಾರ" ಎನ್ನುತ್ತಾರೆ. ಕರಾವಳಿಯಲ್ಲಿ ಉತ್ಸವದ ದಿನ ದೇವರೇ ಗುಡಿಯಿಂದ ಹೊರಟು ಕಟ್ಟೆಯ ಮೇಲೆ ಬಂದು ಕೂತು ಪೂಜೆ ಕೈಗೊಳ್ಳುತ್ತಾನೆ, ಅದಕ್ಕೆ ಕಟ್ಟೆಪೂಜೆ ಎಂದೇ ಹೆಸರು. ನಮ್ಮೂರ ಅರಳೀಕಟ್ಟೆಯ ಚಪ್ಪಡಿಯಲ್ಲಿ ಆಡು-ಹುಲಿ ಆಟದ ಗೆರೆಗಳನ್ನು ಕೊರೆದಿದ್ದರು. ಯಾರು ಕೊರೆದದ್ದೋ, ತಲೆಮಾರುಗಳ ಬೆರಳು ಆಡಿ ಆಡಿ ಗೆರೆಗಳು ನುಣುಪಾಗಿದ್ದವು. ಜಗಳಗಳು ಪಂಚಾಯ್ತಿಗೆ ಬರುತ್ತಿದ್ದುದೂ ಅಲ್ಲಿಗೇ.

ಆದರೆ ಆ ಕಟ್ಟೆಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಕೇರಿಯಿಂದ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಸೆರಗು ಹೊದ್ದು ಅತ್ತ ನೋಡದೆ ದಾಟುತ್ತಿದ್ದರು. ನೀರಿನ ಕಟ್ಟೆಯಲ್ಲೂ ದನ ಇಳಿಯುವ ಕಡೆ ಬೇರೆ, ಕೇರಿಯವರು ಇಳಿಯುವ ಕಡೆ ಬೇರೆ. 1927ರಲ್ಲಿ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದು ಕೇಳಿದ ಪ್ರಶ್ನೆ ಭಾರತದ ಪ್ರತಿ ಕೆರೆಕಟ್ಟೆಗೂ ಸೇರಿದ್ದು. ಅರಳೀಕಟ್ಟೆಯ ನೆರಳನ್ನು ನೆನೆಯುವಾಗ ಆ ಬಿಸಿಲನ್ನು ಮರೆಯುವುದು ಸುಳ್ಳು ಹೇಳಿದಂತೆ.

ಅದಕ್ಕೇ ನನಗೆ ಮತಗಟ್ಟೆ ಎಂಬ ಪದದ ಮೇಲೆ ತುಂಬಾ ಗೌರವ. ಪೋಲಿಂಗ್ ಬೂತಿಗೆ ಈ ಹೆಸರು ಕೊಟ್ಟವರು ಯಾರೇ ಇರಲಿ, ಕನ್ನಡವನ್ನು ಬಲ್ಲವರು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಕೇರಿಯವರೂ ಹೆಂಗಸರೂ ಗೌಡರೂ ಒಂದೇ ಸಾಲಿನಲ್ಲಿ ನಿಂತು ಹತ್ತಬಹುದಾದ ಕಟ್ಟೆ ಅದು. ಹಳೆಯ ಮಾತೊಂದು ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಹಾಗೆ.

ನೀರಿನ ಕಟ್ಟೆಗೆ ಆ ಭಾಗ್ಯ ಬರಲಿಲ್ಲ. ಕಂದಾಯದ ದಾಖಲೆಗಳಲ್ಲಿ ಹಳ್ಳ, ದಾರಿ, ಸ್ಮಶಾನ, ಕಟ್ಟೆಗಳೆಲ್ಲ ಖರಾಬು, ಸಾರ್ವಜನಿಕರಿಗೆ ಬಿಟ್ಟದ್ದಾದರೆ ಬಿ ಖರಾಬು. ಖರಾಬು ಎಂದರೆ ಕೆಟ್ಟದ್ದು, ಕೆಲಸಕ್ಕೆ ಬಾರದ್ದು. ಉಳುಮೆಗೆ ಬಾರದ ನೆಲಕ್ಕೆ ಕಂದಾಯ ಹಾಕದಿರಲು ಇಟ್ಟ ಹೆಸರು ಕ್ರಮೇಣ ಜನರ ತಲೆಯೊಳಗೂ ಇಳಿಯಿತು. ಕೆಲಸಕ್ಕೆ ಬಾರದ ಜಾಗವೆಂದ ಮೇಲೆ ಮಣ್ಣು ತುಂಬಿದರೇನು, ಸೈಟು ಮಾಡಿದರೇನು? ಅಜ್ಜಿಯ ಊರಿನ ಮೂರು ಕಟ್ಟೆಗಳಲ್ಲಿ ಒಂದು ಈಗ ತೆಂಗಿನ ತೋಟ, ಇನ್ನೊಂದರ ಒಡ್ಡನ್ನು ಕಡಿದು ರಸ್ತೆ ಮಾಡಿದ್ದಾರೆ. ಉಳಿದ ಒಂದರಲ್ಲಿ ಕಳೆದ ಮಳೆಗಾಲದಲ್ಲಿ ನೀರು ನಿಂತಿತ್ತು.

ಉದ್ಯೋಗ ಖಾತ್ರಿ ಬಂದ ಮೇಲೆ ಪಂಚಾಯ್ತಿಗಳ ಕಾಮಗಾರಿ ಪಟ್ಟಿಯಲ್ಲಿ ಗೋಕಟ್ಟೆ ಎಂಬ ಮಾತು ಓಡಾಡುತ್ತಿದೆ. ಒಳ್ಳೆಯ ಮಾತು. ಆದರೆ ಬಹಳ ಕಡೆ ಹೊಸ ಗೋಕಟ್ಟೆ ತೋಡುವುದು ನೀರು ಹರಿದು ಬಾರದ ದಿಬ್ಬದಲ್ಲಿ, ಜಾಗ ಸಿಕ್ಕಿತೆಂಬ ಒಂದೇ ಕಾರಣಕ್ಕೆ. ನೀರು ಎಲ್ಲಿ ನಿಲ್ಲುತ್ತದೆಂದು ನಮ್ಮ ಹಿರಿಯರು ಮೊದಲೇ ನೋಡಿ, ಒಡ್ಡು ಹಾಕಿ, ಹೆಸರಿಟ್ಟು ಹೋಗಿದ್ದಾರೆ. ನಿಮ್ಮ ಊರಿನ ಗ್ರಾಮಸಭೆಗೆ ಈ ಸಲ ಹೋಗಿ. ಗ್ರಾಮನಕ್ಷೆ ತರಿಸಿ ಹಳೆಯ ಕಟ್ಟೆಗಳು ಯಾವ ಸರ್ವೆ ನಂಬರಿನಲ್ಲಿವೆ ಎಂದು ಕೇಳಿ, ದನ ಕಾಯ್ದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಆ ಜಾಗಕ್ಕೆ ಹೋಗಿ ನಿಲ್ಲಿ. ಹೊಸದು ತೋಡುವ ಮುಂಚೆ ಅವುಗಳ ಹೂಳು ತೆಗೆಸಿ, ಒಡ್ಡು ಕಟ್ಟಿಸಿ.